ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ಕೈಬಂದೂಕು ಒಯ್ಯುವ ಮತ್ತು ಸಾಗಿಸುವ ಕಾನೂನುಗಳು

ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ಪಿಸ್ತೂಲು, ರಿವಾಲ್ವರ್ ಮುಂತಾದ ಕೈಬಂದೂಕುಗಳನ್ನು ಸಾರ್ವಜನಿಕ ಸ್ಥಳಗಳಲ್ಲಿ ಮೈಮೇಲೆ ಧರಿಸಿ ಒಯ್ಯುವುದನ್ನೂ, ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸುವುದನ್ನೂ ಮುಖ್ಯವಾಗಿ ಆಯಾ ರಾಜ್ಯದ ಕಾನೂನುಗಳು ನಿಯಂತ್ರಿಸುತ್ತವೆ. ಶಸ್ತ್ರ ಹೊಂದುವ ಮತ್ತು ಧರಿಸುವ ಹಕ್ಕನ್ನು ಆ ದೇಶದ ಸಂವಿಧಾನದ ಎರಡನೆಯ ತಿದ್ದುಪಡಿ ರಕ್ಷಿಸುತ್ತದೆ. ಆದರೆ ಆ ಹಕ್ಕನ್ನು ಯಾರು, ಎಲ್ಲಿ, ಯಾವ ರೀತಿಯಲ್ಲಿ ಚಲಾಯಿಸಬಹುದು ಎಂಬುದನ್ನು 50 ರಾಜ್ಯಗಳೂ ರಾಜಧಾನಿ ವಾಷಿಂಗ್ಟನ್ ಇರುವ ಕೊಲಂಬಿಯಾ ಜಿಲ್ಲೆಯೂ ತಮ್ಮ ತಮ್ಮ ಶಾಸನಗಳಲ್ಲಿ ಬೇರೆ ಬೇರೆಯಾಗಿ ನಿಗದಿಪಡಿಸಿವೆ. ಇದರ ಪರಿಣಾಮವಾಗಿ, ಒಂದು ರಾಜ್ಯದಲ್ಲಿ ಯಾವ ಪರವಾನಗಿಯೂ ಬೇಕಿಲ್ಲದ ಕ್ರಿಯೆಯು ಗಡಿ ದಾಟಿದೊಡನೆ ಹಲವು ವರ್ಷಗಳ ಸೆರೆವಾಸ ವಿಧಿಸಬಹುದಾದ ಅಪರಾಧವಾಗುವುದುಂಟು.

ಒಕ್ಕೂಟ ಸರ್ಕಾರದ ಕಾನೂನುಗಳು ಈ ವಿಷಯದಲ್ಲಿ ಸೀಮಿತ ಪಾತ್ರ ವಹಿಸುತ್ತವೆ. ಯಾರು ಬಂದೂಕು ಹೊಂದಲು ಅನರ್ಹರು, ವಿಮಾನದಲ್ಲಿ ಹೇಗೆ ಸಾಗಿಸಬೇಕು, ಶಾಲೆಗಳ ಸುತ್ತ ಯಾವ ನಿರ್ಬಂಧವಿದೆ ಎಂಬಂತಹ ಅಂಶಗಳನ್ನು ಅವು ನಿರ್ಧರಿಸುತ್ತವೆ. ಇಡೀ ದೇಶಕ್ಕೆ ಅನ್ವಯಿಸುವ, ಬಂದೂಕು ಧರಿಸಿ ನಡೆಯುವ ಏಕರೂಪದ ಪರವಾನಗಿ ಸಾಮಾನ್ಯ ನಾಗರಿಕರಿಗೆ ಲಭ್ಯವಿಲ್ಲ.

ಪರಿಭಾಷೆ

ಈ ಕಾನೂನುಗಳನ್ನು ಅರಿಯಲು ಕೆಲವು ಪದಗಳ ನಡುವಣ ವ್ಯತ್ಯಾಸವನ್ನು ತಿಳಿಯುವುದು ಅಗತ್ಯ.

ಒಯ್ಯುವುದು ಎಂದರೆ ಬಳಕೆಗೆ ಸಿದ್ಧವಾಗಿರುವಂತೆ ಬಂದೂಕನ್ನು ಮೈಮೇಲೆ ಅಥವಾ ಕೈಗೆಟಕುವ ಹಾಗೆ ಇಟ್ಟುಕೊಂಡಿರುವುದು. ಸಾಗಿಸುವುದು ಎಂದರೆ ಗುಂಡು ತೆಗೆದು, ಪೆಟ್ಟಿಗೆಯಲ್ಲಿ ಭದ್ರಪಡಿಸಿ, ಸುಲಭವಾಗಿ ಕೈಗೆ ಸಿಗದಂತೆ ಒಂದು ಸ್ಥಳದಿಂದ ಇನ್ನೊಂದಕ್ಕೆ ತಲುಪಿಸುವುದು. ಒಯ್ಯಲು ಪರವಾನಗಿ ಕೇಳುವ ರಾಜ್ಯವು ಸಾಗಿಸಲು ಅದನ್ನು ಕೇಳದಿರಬಹುದು.

ಬಂದೂಕನ್ನು ಬಟ್ಟೆಯ ಒಳಗೆ ಅಥವಾ ಚೀಲದಲ್ಲಿ ಇತರರಿಗೆ ಕಾಣದಂತೆ ಇಟ್ಟುಕೊಳ್ಳುವುದು ಮರೆಮಾಡಿ ಒಯ್ಯುವಿಕೆ. ಸೊಂಟದ ಪಟ್ಟಿಯ ಒರೆಯಲ್ಲಿ ಎಲ್ಲರಿಗೂ ಕಾಣುವಂತೆ ಧರಿಸುವುದು ಬಹಿರಂಗ ಒಯ್ಯುವಿಕೆ. ಇವೆರಡಕ್ಕೂ ಬೇರೆ ಬೇರೆ ನಿಯಮಗಳಿರುವ ರಾಜ್ಯಗಳು ಅನೇಕ.

ಗುಂಡು ತುಂಬಿದ ಬಂದೂಕು ಎಂಬ ಮಾತಿಗೂ ಏಕರೂಪದ ಅರ್ಥವಿಲ್ಲ. ಸಾಮಾನ್ಯ ಬಳಕೆಯಲ್ಲಿ ಬಂದೂಕಿನೊಳಗೆ ಗುಂಡು ಇದ್ದರೆ ಮಾತ್ರ ಹಾಗೆನ್ನುವುದು ರೂಢಿ. ನ್ಯೂಯಾರ್ಕ್ ರಾಜ್ಯದ ದಂಡಸಂಹಿತೆಯಲ್ಲಾದರೋ, ಬಂದೂಕನ್ನು ಹೊಂದಿರುವ ವ್ಯಕ್ತಿಯ ಬಳಿ ಅದೇ ವೇಳೆ ಅದಕ್ಕೆ ಹೊಂದುವ ಗುಂಡುಗಳೂ ಇದ್ದರೆ ಅದು ಗುಂಡು ತುಂಬಿದ ಬಂದೂಕೆಂದೇ ಪರಿಗಣಿತವಾಗುತ್ತದೆ. ಗುಂಡುಗಳು ಒಳಗಿರಬೇಕೆಂದೇನೂ ಇಲ್ಲ.

ಇತಿಹಾಸ

ಎರಡನೆಯ ತಿದ್ದುಪಡಿಯು 1791ರಲ್ಲಿ ಅಂಗೀಕೃತವಾಯಿತು. ಅದು ಮೊದಲಿಗೆ ಒಕ್ಕೂಟ ಸರ್ಕಾರವನ್ನು ಮಾತ್ರ ನಿರ್ಬಂಧಿಸುತ್ತದೆಂಬ ತಿಳುವಳಿಕೆ ಇದ್ದುದರಿಂದ ರಾಜ್ಯಗಳು ತಮಗೆ ತೋಚಿದಂತೆ ಶಾಸನ ರಚಿಸಿದವು. ಕೆಂಟಕಿ ಮತ್ತು ಲೂಸಿಯಾನಾ ರಾಜ್ಯಗಳು 1813ರಲ್ಲಿಯೇ ಶಸ್ತ್ರಗಳನ್ನು ಮರೆಮಾಡಿ ಒಯ್ಯುವುದನ್ನು ನಿಷೇಧಿಸಿದವು. ಅಂದಿನ ಭಾವನೆಯಂತೆ ಬಹಿರಂಗವಾಗಿ ಧರಿಸುವವನು ಸಭ್ಯಸ್ಥನೆಂದೂ ಅಡಗಿಸಿಟ್ಟುಕೊಳ್ಳುವವನು ಕೆಡುಕು ಬಗೆಯುವವನೆಂದೂ ಪರಿಗಣಿಸಲಾಗುತ್ತಿತ್ತು. ಕೆಂಟಕಿಯ ನಿಷೇಧವನ್ನು ಆ ರಾಜ್ಯದ ಉಚ್ಚ ನ್ಯಾಯಪೀಠವು 1822ರಲ್ಲಿ ರದ್ದುಪಡಿಸಿತು. ಬಳಿಕ 1850ರಲ್ಲಿ ರಾಜ್ಯದ ಸಂವಿಧಾನವನ್ನೇ ಬದಲಿಸಿ ಅಂತಹ ನಿಷೇಧಕ್ಕೆ ಅವಕಾಶ ಕಲ್ಪಿಸಲಾಯಿತು.

ಅಂತರ್ಯುದ್ಧದ ನಂತರ ದಕ್ಷಿಣದ ಕೆಲವು ರಾಜ್ಯಗಳು ದಾಸ್ಯದಿಂದ ಬಿಡುಗಡೆ ಹೊಂದಿದ ಕಪ್ಪು ಜನರು ಬಂದೂಕು ಹೊಂದದಂತೆ ಕಾನೂನು ಮಾಡಿದವು. ಮಿಸಿಸಿಪಿಯ 1865ರ ಶಾಸನ ಇದಕ್ಕೆ ನಿದರ್ಶನ. ಎಲ್ಲ ನಾಗರಿಕರಿಗೂ ಸಮಾನ ರಕ್ಷಣೆ ನೀಡುವ ಹದಿನಾಲ್ಕನೆಯ ತಿದ್ದುಪಡಿ (1868) ರೂಪುಗೊಂಡ ಹಿನ್ನೆಲೆಯಲ್ಲಿ ಇಂತಹ ಕಾನೂನುಗಳೂ ಇದ್ದವು.

ಚಲನಚಿತ್ರಗಳಲ್ಲಿ ಕಾಣುವ ಪಶ್ಚಿಮದ ಗಡಿನಾಡಿನಲ್ಲಿ ಎಲ್ಲರೂ ಎಲ್ಲೆಡೆ ಬಂದೂಕು ಧರಿಸುತ್ತಿದ್ದರೆಂಬ ಕಲ್ಪನೆ ಪೂರ್ಣ ನಿಜವಲ್ಲ. ಅರಿಜೋನಾದ ಟೂಂಬ್‌ಸ್ಟೋನ್ ಪಟ್ಟಣವು 1881ರಲ್ಲಿ ಊರೊಳಗೆ ಶಸ್ತ್ರ ಒಯ್ಯುವುದನ್ನು ನಿಷೇಧಿಸಿತ್ತು. ಅದೇ ವರ್ಷ ಅಕ್ಟೋಬರ್ 26ರಂದು ಓ.ಕೆ. ಕೊರಾಲ್ ಬಳಿ ನಡೆದ ಪ್ರಸಿದ್ಧ ಗುಂಡಿನ ಕಾಳಗಕ್ಕೆ ಈ ನಿಯಮವನ್ನು ಜಾರಿಗೊಳಿಸುವ ಯತ್ನವೂ ಕಾರಣವಾಯಿತು. ಬಂದೂಕು ಸಂಸ್ಕೃತಿಗೆ ಹೆಸರಾದ ಟೆಕ್ಸಾಸ್ ರಾಜ್ಯವು 1871ರಲ್ಲಿ ಕೈಬಂದೂಕು ಒಯ್ಯುವುದನ್ನು ಬಹುಮಟ್ಟಿಗೆ ನಿಷೇಧಿಸಿತು. ಮರೆಮಾಡಿ ಒಯ್ಯಲು ಪರವಾನಗಿ ನೀಡುವ ಕಾನೂನು ಅಲ್ಲಿ ಬಂದುದು 1995ರಲ್ಲಿ. ಪರವಾನಗಿದಾರರು ಬಹಿರಂಗವಾಗಿ ಒಯ್ಯಲು 2016ರ ಜನವರಿಯಲ್ಲಿ, ಪರವಾನಗಿಯೇ ಇಲ್ಲದೆ ಒಯ್ಯಲು 2021ರ ಸೆಪ್ಟೆಂಬರಿನಲ್ಲಿ ಅವಕಾಶ ದೊರೆಯಿತು.

ನ್ಯೂಯಾರ್ಕಿನಲ್ಲಿ 1911ರಲ್ಲಿ ಜಾರಿಗೆ ಬಂದ ಸಲಿವನ್ ಕಾಯಿದೆಯು ಕೈಬಂದೂಕು ಹೊಂದಲು ಪರವಾನಗಿಯನ್ನು ಕಡ್ಡಾಯಗೊಳಿಸಿತು. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ವರ್ಮಾಂಟ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1903ರಲ್ಲಿ ಪರವಾನಗಿ ಕೇಳುವ ನಗರ ನಿಯಮವೊಂದನ್ನು ರದ್ದುಗೊಳಿಸಿತು. ಆ ರಾಜ್ಯವು ಇಂದಿಗೂ ಬಂದೂಕು ಒಯ್ಯಲು ಪರವಾನಗಿ ಕೇಳುವುದಿಲ್ಲ, ನೀಡುವುದೂ ಇಲ್ಲ. ಫ್ಲಾರಿಡಾ 1987ರಲ್ಲಿ ಅರ್ಹರಾದ ಎಲ್ಲರಿಗೂ ಪರವಾನಗಿ ನೀಡುವ ಕಾನೂನನ್ನು ಜಾರಿಗೊಳಿಸಿದ ಬಳಿಕ ಅನೇಕ ರಾಜ್ಯಗಳು ಅದನ್ನು ಅನುಸರಿಸಿದವು. ಮರೆಮಾಡಿ ಒಯ್ಯಲು ಅವಕಾಶವನ್ನೇ ನೀಡದ ಕೊನೆಯ ರಾಜ್ಯವಾಗಿದ್ದ ಇಲಿನಾಯ್, ಒಕ್ಕೂಟದ ಮೇಲ್ಮನವಿ ನ್ಯಾಯಾಲಯದ ತೀರ್ಪಿಗೆ ಮಣಿದು 2013ರಲ್ಲಿ ಪರವಾನಗಿ ಪದ್ಧತಿಯನ್ನು ತಂದಿತು.

ಸರ್ವೋಚ್ಚ ನ್ಯಾಯಾಲಯದ ಪ್ರಮುಖ ತೀರ್ಪುಗಳು

ಕೊಲಂಬಿಯಾ ಜಿಲ್ಲೆ ವಿರುದ್ಧ ಹೆಲ್ಲರ್ (2008): ಎರಡನೆಯ ತಿದ್ದುಪಡಿಯು ವ್ಯಕ್ತಿಯೊಬ್ಬನ ಸ್ವಂತ ಹಕ್ಕನ್ನು ರಕ್ಷಿಸುತ್ತದೆಂದೂ, ಆತ್ಮರಕ್ಷಣೆಗಾಗಿ ಮನೆಯಲ್ಲಿ ಕೈಬಂದೂಕು ಇಟ್ಟುಕೊಳ್ಳುವುದನ್ನು ಸಂಪೂರ್ಣ ನಿಷೇಧಿಸಲಾಗದೆಂದೂ ನ್ಯಾಯಾಲಯ ಹೇಳಿತು. ಈ ಹಕ್ಕು ಮಿತಿಯಿಲ್ಲದ್ದಲ್ಲವೆಂದೂ, ಶಾಲೆ ಮತ್ತು ಸರ್ಕಾರಿ ಕಟ್ಟಡಗಳಂತಹ ಸೂಕ್ಷ್ಮ ಸ್ಥಳಗಳಲ್ಲಿನ ನಿಷೇಧಗಳ ಬಗ್ಗೆ ಈ ತೀರ್ಪು ಸಂದೇಹ ಮೂಡಿಸುವುದಿಲ್ಲವೆಂದೂ ಅದೇ ತೀರ್ಪು ಸ್ಪಷ್ಟಪಡಿಸಿತು.

ಮೆಕ್‌ಡೊನಾಲ್ಡ್ ವಿರುದ್ಧ ಷಿಕಾಗೊ ನಗರ (2010): ಹೆಲ್ಲರ್ ತೀರ್ಪಿನ ತತ್ತ್ವವು ರಾಜ್ಯಗಳಿಗೂ ನಗರಗಳಿಗೂ ಅನ್ವಯಿಸುತ್ತದೆಂದು ಘೋಷಿಸಲಾಯಿತು.

ನ್ಯೂಯಾರ್ಕ್ ಸ್ಟೇಟ್ ರೈಫಲ್ ಅಂಡ್ ಪಿಸ್ಟಲ್ ಅಸೋಸಿಯೇಷನ್ ವಿರುದ್ಧ ಬ್ರೂಯೆನ್ (2022): ಮನೆಯ ಹೊರಗೂ ಆತ್ಮರಕ್ಷಣೆಗಾಗಿ ಕೈಬಂದೂಕು ಒಯ್ಯುವ ಹಕ್ಕಿದೆ ಎಂದು 6-3ರ ಬಹುಮತದಿಂದ ತೀರ್ಪು ಬಂದಿತು. ಅರ್ಜಿದಾರನು ವಿಶೇಷ ಕಾರಣ ತೋರಿಸಬೇಕೆಂಬ ನ್ಯೂಯಾರ್ಕಿನ ಷರತ್ತು ರದ್ದಾಯಿತು. ಬಂದೂಕು ನಿಯಂತ್ರಣ ಕಾನೂನುಗಳು ದೇಶದ ಚಾರಿತ್ರಿಕ ಪರಂಪರೆಗೆ ಹೊಂದುವಂತಿರಬೇಕು ಎಂಬ ಹೊಸ ಒರೆಗಲ್ಲನ್ನೂ ನ್ಯಾಯಾಲಯ ಮುಂದಿಟ್ಟಿತು.

ಅಮೇರಿಕ ಸಂಯುಕ್ತ ಸಂಸ್ಥಾನ ವಿರುದ್ಧ ರಹೀಮಿ (2024): ಕೌಟುಂಬಿಕ ಹಿಂಸೆಯ ಕಾರಣಕ್ಕಾಗಿ ನ್ಯಾಯಾಲಯದ ರಕ್ಷಣಾ ಆದೇಶಕ್ಕೆ ಒಳಗಾದವರು ಬಂದೂಕು ಹೊಂದಬಾರದೆಂಬ ಒಕ್ಕೂಟದ ಕಾನೂನನ್ನು 8-1ರ ಬಹುಮತದಿಂದ ಎತ್ತಿಹಿಡಿಯಲಾಯಿತು. ಹಳೆಯ ಕಾನೂನಿನ ಯಥಾವತ್ ಪ್ರತಿರೂಪವೇ ಇರಬೇಕಾಗಿಲ್ಲ, ತತ್ತ್ವ ಹೊಂದಿಕೆಯಾದರೆ ಸಾಕು ಎಂದು ನ್ಯಾಯಾಲಯ ವಿವರಿಸಿತು.

ಪರವಾನಗಿ ಪದ್ಧತಿಗಳು

ರಾಜ್ಯಗಳ ಪದ್ಧತಿಗಳನ್ನು ಸಾಮಾನ್ಯವಾಗಿ ಮೂರು ಬಗೆಯಾಗಿ ವಿಂಗಡಿಸಲಾಗುತ್ತದೆ.

ವಿವೇಚನಾಧೀನ ಪದ್ಧತಿ: ಅರ್ಹತೆಯಿದ್ದರೂ ಪರವಾನಗಿ ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆಗೆ ಸೇರಿದ್ದು. ಬ್ರೂಯೆನ್ ತೀರ್ಪಿನ ವೇಳೆಗೆ ಕ್ಯಾಲಿಫೋರ್ನಿಯಾ, ಹವಾಯಿ, ಮೇರಿಲೆಂಡ್, ಮ್ಯಾಸಚೂಸೆಟ್ಸ್, ನ್ಯೂಜೆರ್ಸಿ, ನ್ಯೂಯಾರ್ಕ್ ಎಂಬ 6 ರಾಜ್ಯಗಳೂ ಕೊಲಂಬಿಯಾ ಜಿಲ್ಲೆಯೂ ಈ ಪದ್ಧತಿಯಲ್ಲಿದ್ದವೆಂದು ನ್ಯಾಯಾಲಯ ಗುರುತಿಸಿತು. ವಿಶೇಷ ಅಗತ್ಯವನ್ನು ಸಾಬೀತುಪಡಿಸಬೇಕೆಂಬ ಷರತ್ತು ಈಗ ಊರ್ಜಿತವಲ್ಲ.

ಕಡ್ಡಾಯ ನೀಡಿಕೆಯ ಪದ್ಧತಿ: ವಯಸ್ಸು, ಹಿನ್ನೆಲೆ ಪರಿಶೀಲನೆ, ತರಬೇತಿ ಮುಂತಾದ ಷರತ್ತುಗಳನ್ನು ಪೂರೈಸಿದವರಿಗೆ ಪರವಾನಗಿಯನ್ನು ನೀಡಲೇಬೇಕು. ಷರತ್ತುಗಳ ಬಿಗಿ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಬ್ರೂಯೆನ್ ತೀರ್ಪಿನ ಬೆನ್ನಲ್ಲೇ ನ್ಯೂಯಾರ್ಕ್ ಅಂಗೀಕರಿಸಿದ 2022ರ ಕಾನೂನು 16 ಗಂಟೆಗಳ ಪಾಠವನ್ನೂ 2 ಗಂಟೆಗಳ ಗುಂಡು ಹಾರಿಸುವ ಅಭ್ಯಾಸವನ್ನೂ ಕಡ್ಡಾಯಗೊಳಿಸಿದೆ.

ಪರವಾನಗಿರಹಿತ ಪದ್ಧತಿ: ಬಂದೂಕು ಹೊಂದಲು ಕಾನೂನಿನ ಅಡ್ಡಿಯಿಲ್ಲದ, ನಿಗದಿತ ವಯಸ್ಸು ತುಂಬಿದ ವ್ಯಕ್ತಿಯು ಪರವಾನಗಿಯಿಲ್ಲದೆಯೇ ಕೈಬಂದೂಕು ಒಯ್ಯಬಹುದು. ಬಹುಕಾಲ ವರ್ಮಾಂಟಿಗೆ ಸೀಮಿತವಾಗಿದ್ದ ಈ ಪದ್ಧತಿಯನ್ನು ಅಲಾಸ್ಕಾ 2003ರಲ್ಲಿ, ಅರಿಜೋನಾ 2010ರಲ್ಲಿ ಅಳವಡಿಸಿಕೊಂಡವು. ಲೂಸಿಯಾನಾ ಮತ್ತು ದಕ್ಷಿಣ ಕೆರೊಲಿನಾ ಸೇರ್ಪಡೆಯಾದ 2024ರ ಹೊತ್ತಿಗೆ ಇಂತಹ ರಾಜ್ಯಗಳ ಸಂಖ್ಯೆ 29ಕ್ಕೆ ಏರಿತು. ಕನಿಷ್ಠ ವಯಸ್ಸು ಕೆಲವೆಡೆ 18, ಕೆಲವೆಡೆ 21.

ಪರವಾನಗಿರಹಿತ ರಾಜ್ಯಗಳಲ್ಲಿಯೂ ಅನೇಕರು ಪರವಾನಗಿಯನ್ನು ಪಡೆದುಕೊಳ್ಳುತ್ತಾರೆ. ಬೇರೆ ರಾಜ್ಯಗಳಲ್ಲಿ ಮಾನ್ಯತೆ ದೊರೆಯಲು ಮತ್ತು ಶಾಲಾ ವಲಯದ ಒಕ್ಕೂಟ ಕಾನೂನಿನಿಂದ ವಿನಾಯಿತಿ ಪಡೆಯಲು ಅದು ಬೇಕಾಗುವುದೇ ಇದಕ್ಕೆ ಕಾರಣ.

ಬಹಿರಂಗವಾಗಿ ಒಯ್ಯುವುದಕ್ಕೆ ಹೆಚ್ಚಿನ ರಾಜ್ಯಗಳಲ್ಲಿ ಅವಕಾಶವಿದೆ. ನ್ಯೂಯಾರ್ಕ್, ಇಲಿನಾಯ್ ಮುಂತಾದ ರಾಜ್ಯಗಳು ಅದನ್ನು ನಿಷೇಧಿಸಿವೆ. ಫ್ಲಾರಿಡಾದಲ್ಲಿದ್ದ ನಿಷೇಧವನ್ನು ಆ ರಾಜ್ಯದ ಮೇಲ್ಮನವಿ ನ್ಯಾಯಾಲಯವೊಂದು 2025ರ ಸೆಪ್ಟೆಂಬರಿನಲ್ಲಿ ಅಸಾಂವಿಧಾನಿಕವೆಂದು ಸಾರಿತು.

ರಾಜ್ಯಗಳ ನಡುವಣ ಮಾನ್ಯತೆ

ಒಂದು ರಾಜ್ಯದ ವಾಹನ ಚಾಲನಾ ಪರವಾನಗಿ ದೇಶದ ಎಲ್ಲೆಡೆ ನಡೆಯುತ್ತದೆ. ಬಂದೂಕಿನ ಪರವಾನಗಿ ಹಾಗಲ್ಲ. ಬೇರೆ ರಾಜ್ಯದ ಪರವಾನಗಿಯನ್ನು ಮಾನ್ಯ ಮಾಡಬೇಕೇ ಬೇಡವೇ ಎಂಬುದನ್ನು ಪ್ರತಿ ರಾಜ್ಯವೂ ತಾನೇ ನಿರ್ಧರಿಸುತ್ತದೆ. ಕೆಲವು ರಾಜ್ಯಗಳು ಎಲ್ಲ ರಾಜ್ಯಗಳ ಪರವಾನಗಿಯನ್ನೂ ಮಾನ್ಯ ಮಾಡುತ್ತವೆ. ಕೆಲವು, ತಮ್ಮಷ್ಟೇ ಬಿಗಿಯಾದ ಷರತ್ತುಗಳಿರುವ ರಾಜ್ಯಗಳದ್ದನ್ನು ಮಾತ್ರ ಒಪ್ಪುತ್ತವೆ. ಕೊಲೊರಾಡೊ ಮತ್ತು ಮಿಷಿಗನ್ ರಾಜ್ಯಗಳು ಪರವಾನಗಿ ನೀಡಿದ ರಾಜ್ಯದ ನಿವಾಸಿಗಳಿಗೆ ಮಾತ್ರ ಮಾನ್ಯತೆ ಕೊಡುತ್ತವೆ. ಬೇರೆಡೆ ವಾಸಿಸುತ್ತಾ ಯೂಟಾ ಅಥವಾ ಫ್ಲಾರಿಡಾದಿಂದ ಅನಿವಾಸಿ ಪರವಾನಗಿ ಪಡೆದವರಿಗೆ ಅಲ್ಲಿ ಅದು ಪ್ರಯೋಜನಕ್ಕೆ ಬಾರದು. ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ಇಲಿನಾಯ್ ರಾಜ್ಯಗಳು ಹೊರರಾಜ್ಯದ ಯಾವ ಪರವಾನಗಿಯನ್ನೂ ಮಾನ್ಯ ಮಾಡುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಇತರ ಭಾಗಗಳಲ್ಲಿ ಪಡೆದ ಪರವಾನಗಿಯು ವಿಶೇಷ ಅನುಮತಿಯಿಲ್ಲದೆ ನ್ಯೂಯಾರ್ಕ್ ನಗರದೊಳಗೂ ನಡೆಯದು.

ಮಾನ್ಯತೆ ದೊರೆತರೂ, ಪ್ರಯಾಣಿಕನಿಗೆ ಅನ್ವಯಿಸುವುದು ಅವನು ಇರುವ ರಾಜ್ಯದ ನಿಯಮಗಳೇ ಹೊರತು ಪರವಾನಗಿ ನೀಡಿದ ರಾಜ್ಯದವಲ್ಲ. ನಿಷಿದ್ಧ ಸ್ಥಳಗಳು, ಒಂದು ಬಾರಿಗೆ ತುಂಬಬಹುದಾದ ಗುಂಡುಗಳ ಸಂಖ್ಯೆ, ಬಲಪ್ರಯೋಗದ ಮಿತಿ ಇವೆಲ್ಲವೂ ಬದಲಾಗುತ್ತವೆ. ನ್ಯೂಜೆರ್ಸಿ, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳಲ್ಲಿ 10ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನ್‌ಗಳ ಮೇಲೆ ನಿರ್ಬಂಧವಿದೆ.

ಎಲ್ಲ ರಾಜ್ಯಗಳೂ ಪರಸ್ಪರರ ಪರವಾನಗಿಯನ್ನು ಒಪ್ಪಬೇಕೆಂಬ ಮಸೂದೆಯು 2017ರ ಡಿಸೆಂಬರಿನಲ್ಲಿ ಪ್ರತಿನಿಧಿ ಸಭೆಯಲ್ಲಿ 231-198 ಮತಗಳಿಂದ ಅಂಗೀಕಾರವಾದರೂ ಸೆನೆಟ್ ಅದನ್ನು ಅಂಗೀಕರಿಸಲಿಲ್ಲ. 2025ರಲ್ಲಿ ಅದನ್ನು ಮತ್ತೆ ಮಂಡಿಸಲಾಯಿತು. ಸೇವೆಯಲ್ಲಿರುವ ಮತ್ತು ಅರ್ಹ ನಿವೃತ್ತ ಪೊಲೀಸ್ ಅಧಿಕಾರಿಗಳಿಗೆ ಮಾತ್ರ 2004ರ ಒಕ್ಕೂಟ ಕಾನೂನಿನಂತೆ ಬಹುತೇಕ ಎಲ್ಲೆಡೆ ಮರೆಮಾಡಿ ಒಯ್ಯುವ ಅವಕಾಶವಿದೆ.

ಅಂತರರಾಜ್ಯ ಸಾಗಣೆಯ ರಕ್ಷಣೆ

ಬಂದೂಕು ಮಾಲೀಕರ ರಕ್ಷಣಾ ಕಾಯಿದೆ (1986) ಎಂಬ ಒಕ್ಕೂಟ ಕಾನೂನು, ಕಠಿಣ ನಿಯಮಗಳಿರುವ ರಾಜ್ಯದ ಮೂಲಕ ಹಾದುಹೋಗುವವರಿಗೆ ಸೀಮಿತ ರಕ್ಷಣೆ ನೀಡುತ್ತದೆ. ಇದರ ಷರತ್ತುಗಳು ಹೀಗಿವೆ:

- ಹೊರಡುವ ಸ್ಥಳದಲ್ಲಿಯೂ ತಲುಪುವ ಸ್ಥಳದಲ್ಲಿಯೂ ಆ ಬಂದೂಕನ್ನು ಹೊಂದುವುದು ಮತ್ತು ಒಯ್ಯುವುದು ಆ ವ್ಯಕ್ತಿಗೆ ಕಾನೂನುಬದ್ಧವಾಗಿರಬೇಕು.
- ಸಾಗಣೆಯ ಉದ್ದೇಶ ಕಾನೂನುಬದ್ಧವಾಗಿರಬೇಕು.
- ಬಂದೂಕಿನಲ್ಲಿ ಗುಂಡು ಇರಕೂಡದು.
- ಬಂದೂಕಾಗಲಿ ಮದ್ದುಗುಂಡಾಗಲಿ ಪ್ರಯಾಣಿಕರು ಕೂರುವ ಭಾಗದಿಂದ ಕೈಗೆಟಕುವಂತಿರಬಾರದು.
- ಪ್ರತ್ಯೇಕ ಡಿಕ್ಕಿ ಇಲ್ಲದ ವಾಹನವಾದರೆ ಅವು ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ಡ್ಯಾಶ್‌ಬೋರ್ಡಿನ ಖಾನೆ ಅಥವಾ ಆಸನಗಳ ನಡುವಿನ ಖಾನೆ ಈ ಪೆಟ್ಟಿಗೆಯ ಸ್ಥಾನವನ್ನು ತುಂಬದು.

ಈ ರಕ್ಷಣೆ ಹಾದುಹೋಗುವುದಕ್ಕೆ ಸಂಬಂಧಿಸಿದ್ದು, ತಂಗುವುದಕ್ಕಲ್ಲ. ನಡುದಾರಿಯ ರಾಜ್ಯದಲ್ಲಿ ಕೆಲವು ದಿನ ಉಳಿದುಕೊಂಡವರು ಈ ಕಾನೂನಿನ ಆಶ್ರಯ ಪಡೆಯುವುದು ಕಷ್ಟ. ಅದರ ಮಿತಿಯನ್ನು ತೋರಿಸುವ ಪ್ರಕರಣವೊಂದು ಪ್ರಸಿದ್ಧವಾಗಿದೆ. ಯೂಟಾ ರಾಜ್ಯದ ಪ್ರಯಾಣಿಕರೊಬ್ಬರು 2005ರಲ್ಲಿ ನ್ಯೂಜೆರ್ಸಿಯ ನೆವಾರ್ಕ್ ಮೂಲಕ ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದರು. ಬಂದೂಕನ್ನು ನಿಯಮದಂತೆ ಬೀಗ ಹಾಕಿ ಸಾಮಾನಿನೊಂದಿಗೆ ಒಪ್ಪಿಸಿದ್ದರು. ಮುಂದಿನ ವಿಮಾನ ತಪ್ಪಿದುದರಿಂದ ಅವರು ಸಾಮಾನನ್ನು ಪಡೆದು ರಾತ್ರಿ ಹೋಟೆಲಿನಲ್ಲಿ ಉಳಿಯಬೇಕಾಯಿತು. ಮರುದಿನ ವಿಮಾನ ನಿಲ್ದಾಣದಲ್ಲಿ ಬಂದೂಕಿನ ವಿಷಯವನ್ನು ತಾವಾಗಿಯೇ ತಿಳಿಸಿದಾಗ ಅವರನ್ನು ಬಂಧಿಸಲಾಯಿತು. ಆಪಾದನೆಗಳನ್ನು ನಂತರ ಕೈಬಿಡಲಾಯಿತಾದರೂ ಅವರು ಕೆಲವು ದಿನ ಸೆರೆಯಲ್ಲಿ ಕಳೆದಿದ್ದರು. ಅವರು ಹೂಡಿದ ದಾವೆಯಲ್ಲಿ ಒಕ್ಕೂಟದ ಮೇಲ್ಮನವಿ ನ್ಯಾಯಾಲಯವು 2010ರಲ್ಲಿ ಅವರ ವಿರುದ್ಧವೇ ತೀರ್ಪು ನೀಡಿತು: ಹೋಟೆಲಿನಲ್ಲಿದ್ದ ರಾತ್ರಿ ಬಂದೂಕು ಅವರ ಕೈಗೆಟಕುವಂತಿದ್ದುದರಿಂದ 1986ರ ಕಾಯಿದೆಯ ರಕ್ಷಣೆ ದೊರೆಯದು ಎಂಬುದು ಅದರ ನಿಲುವು.

ನ್ಯೂಜೆರ್ಸಿಯಲ್ಲಿಯೇ 2013ರಲ್ಲಿ ಪೆನ್ಸಿಲ್ವೇನಿಯಾದ ಮಹಿಳೆಯೊಬ್ಬರನ್ನು ಸಂಚಾರ ಪೊಲೀಸರು ತಡೆದಾಗ, ತಮ್ಮ ಬಳಿ ಬಂದೂಕೂ ಪೆನ್ಸಿಲ್ವೇನಿಯಾದ ಪರವಾನಗಿಯೂ ಇವೆಯೆಂದು ಅವರೇ ತಿಳಿಸಿದರು. ಆ ಪರವಾನಗಿಗೆ ಅಲ್ಲಿ ಮಾನ್ಯತೆ ಇರಲಿಲ್ಲ. ಪರವಾನಗಿಯಿಲ್ಲದೆ ಕೈಬಂದೂಕು ಹೊಂದಿರುವುದಕ್ಕೆ ಆ ರಾಜ್ಯದಲ್ಲಿ 5ರಿಂದ 10 ವರ್ಷಗಳ ಶಿಕ್ಷೆಯಿದ್ದು, ಕನಿಷ್ಠ ಮೂರೂವರೆ ವರ್ಷ ಸೆರೆಯಲ್ಲಿ ಕಳೆಯಬೇಕೆಂಬ ನಿಯಮವಿದೆ. ಪ್ರಕರಣವು ದೇಶವ್ಯಾಪಿ ಚರ್ಚೆಗೆ ಕಾರಣವಾಗಿ, 2015ರಲ್ಲಿ ರಾಜ್ಯಪಾಲರು ಆಕೆಗೆ ಕ್ಷಮಾದಾನ ನೀಡಿದರು. ಪ್ರಾಮಾಣಿಕವಾಗಿ ಹೇಳಿಕೊಂಡರೂ ಕಾನೂನಿನ ಅಜ್ಞಾನವು ರಕ್ಷಣೆಯಾಗದೆಂಬುದಕ್ಕೆ ಈ ಎರಡೂ ಪ್ರಕರಣಗಳನ್ನು ಉದಾಹರಿಸಲಾಗುತ್ತದೆ.

ನಗರ ನಿಯಮವೊಂದು ಸಾಗಣೆಯನ್ನೇ ತಡೆದ ಪ್ರಸಂಗವೂ ಇದೆ. ಮನೆಯಲ್ಲಿ ಮಾತ್ರ ಬಂದೂಕು ಇಡಲು ಪರವಾನಗಿ ಪಡೆದವರು ಅದನ್ನು ನಗರದ ಹೊರಗಿನ ಗುರಿ ಅಭ್ಯಾಸ ಕೇಂದ್ರಕ್ಕಾಗಲಿ ತಮ್ಮದೇ ಎರಡನೆಯ ಮನೆಗಾಗಲಿ ಒಯ್ಯುವಂತಿಲ್ಲವೆಂದು ನ್ಯೂಯಾರ್ಕ್ ನಗರ ನಿಯಮ ಮಾಡಿತ್ತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯವನ್ನು ತಲುಪಿದ ಮೇಲೆ 2019ರಲ್ಲಿ ನಗರವು ನಿಯಮವನ್ನು ಸಡಿಲಿಸಿತು. ಹೀಗಾಗಿ 2020ರಲ್ಲಿ ನ್ಯಾಯಾಲಯವು ಮೂಲ ಪ್ರಶ್ನೆಯನ್ನು ನಿರ್ಣಯಿಸದೆ ಪ್ರಕರಣವನ್ನು ಮುಗಿಸಿತು.

ವಾಹನ, ರೈಲು ಮತ್ತು ವಿಮಾನ

ಖಾಸಗಿ ವಾಹನ: ಟೆಕ್ಸಾಸಿನಲ್ಲಿ 2007ರಿಂದಲೇ ಸ್ವಂತ ಕಾರಿನಲ್ಲಿ ಕೈಬಂದೂಕನ್ನು ಪರವಾನಗಿಯಿಲ್ಲದೆ ಮರೆಯಾಗಿ ಇಟ್ಟುಕೊಳ್ಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿ ಇಲ್ಲದವರು ಗುಂಡು ತೆಗೆದ ಬಂದೂಕನ್ನು ಡಿಕ್ಕಿಯಲ್ಲಿ ಅಥವಾ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಬೇಕು. ನ್ಯೂಜೆರ್ಸಿಯಲ್ಲಿ ಪರವಾನಗಿ ಇಲ್ಲದವರು ಬಂದೂಕನ್ನು ಹಾಗೆ ಭದ್ರಪಡಿಸಿದರೂ ಮನೆ, ಸ್ವಂತ ವ್ಯಾಪಾರ ಸ್ಥಳ, ಗುರಿ ಅಭ್ಯಾಸ ಕೇಂದ್ರ ಮುಂತಾದ ನಿಗದಿತ ಸ್ಥಳಗಳ ನಡುವೆ ಮಾತ್ರ, ಅನಗತ್ಯವಾಗಿ ಎಲ್ಲಿಯೂ ನಿಲ್ಲದೆ ಸಾಗಿಸಬೇಕು. ಇಲಿನಾಯ್ ಹೊರರಾಜ್ಯದ ಪರವಾನಗಿಯನ್ನು ಒಪ್ಪದಿದ್ದರೂ, ತಮ್ಮ ರಾಜ್ಯದಲ್ಲಿ ಒಯ್ಯಲು ಅರ್ಹರಾದವರು ಕಾರಿನೊಳಗೆ ಬಂದೂಕು ಇಟ್ಟುಕೊಳ್ಳಲು ಅನುಮತಿಸುತ್ತದೆ. ಕಾರಿನಿಂದ ಹೊರಗೆ ಒಯ್ಯುವಂತಿಲ್ಲ.

ವಿಮಾನ: ಬಂದೂಕನ್ನು ಪ್ರಯಾಣಿಕರ ಕೈಚೀಲದಲ್ಲಿ ಒಯ್ಯುವಂತಿಲ್ಲ. ಗುಂಡು ತೆಗೆದು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ವಿಮಾನ ಸಂಸ್ಥೆಗೆ ಘೋಷಿಸಿ, ಒಪ್ಪಿಸುವ ಸಾಮಾನಿನೊಂದಿಗೆ ಮಾತ್ರ ಕಳುಹಿಸಬೇಕು. ಸಾರಿಗೆ ಭದ್ರತಾ ಆಡಳಿತವು 2023ರಲ್ಲಿ ತಪಾಸಣಾ ಕೇಂದ್ರಗಳಲ್ಲಿ 6,737 ಬಂದೂಕುಗಳನ್ನು ಪತ್ತೆಹಚ್ಚಿತು. ಅವುಗಳಲ್ಲಿ ಶೇಕಡ 90ಕ್ಕಿಂತ ಹೆಚ್ಚಿನವುಗಳಲ್ಲಿ ಗುಂಡು ತುಂಬಿತ್ತು. ಸಿಕ್ಕಿಬಿದ್ದವರಿಗೆ ಸಾವಿರಾರು ಡಾಲರ್ ದಂಡ ವಿಧಿಸಬಹುದು.

ರೈಲು ಮತ್ತು ಅಂಚೆ: ಆಮ್‌ಟ್ರಾಕ್ ರೈಲುಗಳಲ್ಲಿ ಸಾಮಾನು ಒಪ್ಪಿಸುವ ವ್ಯವಸ್ಥೆಯಿರುವ ಮಾರ್ಗಗಳಲ್ಲಿ ಮಾತ್ರ, 24 ಗಂಟೆ ಮುಂಚಿತವಾಗಿ ತಿಳಿಸಿ ಬಂದೂಕು ಸಾಗಿಸಬಹುದು. ಸಾಮಾನ್ಯ ನಾಗರಿಕರು ಕೈಬಂದೂಕುಗಳನ್ನು ಅಂಚೆಯ ಮೂಲಕ ಕಳುಹಿಸುವುದನ್ನು 1927ರ ಕಾನೂನು ನಿಷೇಧಿಸಿತು.

ರಸ್ತೆಯ ಮೂಲಕ ಅಲಾಸ್ಕಾಕ್ಕೆ ಹೋಗುವವರು ಕೆನಡಾವನ್ನು ಹಾದು ಹೋಗಬೇಕಾಗುತ್ತದೆ. ಕೆನಡಾದಲ್ಲಿ ಕೈಬಂದೂಕುಗಳ ಮೇಲೆ ಕಟ್ಟುನಿಟ್ಟಿನ ನಿರ್ಬಂಧಗಳಿದ್ದು, ಅಮೇರಿಕದ 1986ರ ಕಾಯಿದೆಯು ಅಲ್ಲಿ ಅನ್ವಯಿಸುವುದಿಲ್ಲ.

ನಿಷಿದ್ಧ ಸ್ಥಳಗಳು

ಒಕ್ಕೂಟ ಸರ್ಕಾರದ ಕಟ್ಟಡಗಳಲ್ಲಿ ಮತ್ತು ನ್ಯಾಯಾಲಯಗಳಲ್ಲಿ ಬಂದೂಕು ಒಯ್ಯುವುದು ಅಪರಾಧ. ರಾಷ್ಟ್ರೀಯ ಉದ್ಯಾನಗಳಲ್ಲಿ 2010ರ ಫೆಬ್ರವರಿಯಿಂದ ಆಯಾ ರಾಜ್ಯದ ನಿಯಮ ಅನ್ವಯಿಸುತ್ತದೆ. ಉದ್ಯಾನದ ಕಚೇರಿ ಕಟ್ಟಡಗಳಿಗೆ ಮಾತ್ರ ಒಕ್ಕೂಟದ ನಿಷೇಧವಿದೆ.

ಬಂದೂಕುಮುಕ್ತ ಶಾಲಾ ವಲಯ ಕಾಯಿದೆಯು (1990) ಶಾಲೆಯ ಆವರಣದಿಂದ 1,000 ಅಡಿಗಳೊಳಗೆ ಬಂದೂಕು ಹೊಂದುವುದನ್ನು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಇದನ್ನು ರದ್ದುಗೊಳಿಸಿದ ಬಳಿಕ ಸಂಸತ್ತು 1996ರಲ್ಲಿ ಅದನ್ನು ತಿದ್ದಿ ಮತ್ತೆ ಅಂಗೀಕರಿಸಿತು. ಶಾಲೆ ಇರುವ ರಾಜ್ಯವೇ ಪರವಾನಗಿ ನೀಡಿದ್ದರೆ ಒಯ್ಯುವವರಿಗೆ ವಿನಾಯಿತಿಯಿದೆ. ಗುಂಡು ತೆಗೆದು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟ ಬಂದೂಕಿಗೂ ಖಾಸಗಿ ಜಮೀನಿನಲ್ಲಿರುವ ಬಂದೂಕಿಗೂ ವಿನಾಯಿತಿ ಉಂಟು.

ಇವಲ್ಲದೆ ಮದ್ಯದಂಗಡಿ, ಆಸ್ಪತ್ರೆ, ಮತಗಟ್ಟೆ, ಕ್ರೀಡಾಂಗಣ, ವಿಶ್ವವಿದ್ಯಾಲಯಗಳ ಬಗ್ಗೆ ಪ್ರತಿ ರಾಜ್ಯಕ್ಕೂ ತನ್ನದೇ ಪಟ್ಟಿಯಿದೆ. ನ್ಯೂಯಾರ್ಕಿನ 2022ರ ಕಾನೂನು ಟೈಮ್ಸ್ ಸ್ಕ್ವೇರನ್ನೂ ಸೂಕ್ಷ್ಮ ಸ್ಥಳವೆಂದು ಹೆಸರಿಸಿತು. ಖಾಸಗಿ ಮಳಿಗೆಯ ಬಾಗಿಲಲ್ಲಿ ಹಾಕಿದ ನಿಷೇಧ ಫಲಕಕ್ಕೆ ಕೆಲವು ರಾಜ್ಯಗಳಲ್ಲಿ ಕಾನೂನಿನ ಬಲವಿದೆ. ಟೆಕ್ಸಾಸಿನಲ್ಲಿ ಫಲಕದ ಒಕ್ಕಣೆ ಮತ್ತು ಅಕ್ಷರದ ಗಾತ್ರವನ್ನೂ ಶಾಸನವೇ ನಿಗದಿಪಡಿಸಿದೆ. ಬೇರೆ ಕೆಲವೆಡೆ, ಮಾಲೀಕರು ಹೊರಹೋಗಲು ಹೇಳಿದ ಮೇಲೂ ಹೋಗದಿದ್ದರೆ ಮಾತ್ರ ಅತಿಕ್ರಮ ಪ್ರವೇಶದ ಅಪರಾಧವಾಗುತ್ತದೆ. ಮಾಲೀಕರ ಸ್ಪಷ್ಟ ಅನುಮತಿಯಿಲ್ಲದೆ ಸಾರ್ವಜನಿಕರಿಗೆ ತೆರೆದ ಖಾಸಗಿ ಸ್ಥಳಕ್ಕೆ ಬಂದೂಕು ಒಯ್ಯಬಾರದೆಂಬ ಹವಾಯಿಯ ನಿಯಮದ ಸಿಂಧುತ್ವವನ್ನು ಪರಿಶೀಲಿಸಲು ಸರ್ವೋಚ್ಚ ನ್ಯಾಯಾಲಯವು 2025ರ ಅಕ್ಟೋಬರಿನಲ್ಲಿ ಒಪ್ಪಿತು.

ಪೊಲೀಸರಿಗೆ ತಿಳಿಸುವ ಹೊಣೆ

ಪೊಲೀಸರು ತಡೆದಾಗ ತನ್ನ ಬಳಿ ಬಂದೂಕು ಇದೆಯೆಂದು ಕೇಳದೆಯೇ ತಿಳಿಸಬೇಕೆಂಬ ನಿಯಮ ಅಲಾಸ್ಕಾ, ಮಿಷಿಗನ್ ಮುಂತಾದ ರಾಜ್ಯಗಳಲ್ಲಿದೆ. ಇನ್ನು ಕೆಲವು ರಾಜ್ಯಗಳಲ್ಲಿ ಕೇಳಿದರೆ ಮಾತ್ರ ತಿಳಿಸಿದರೆ ಸಾಕು.

ಅನರ್ಹರು ಮತ್ತು ವಿದೇಶೀಯರು

ರಾಜ್ಯದ ಕಾನೂನು ಎಷ್ಟೇ ಉದಾರವಾಗಿದ್ದರೂ ಒಕ್ಕೂಟದ ಕಾನೂನಿನಂತೆ ಕೆಲವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಹೊಂದುವಂತೆಯೇ ಇಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಶಿಕ್ಷೆ ವಿಧಿಸಬಹುದಾದ ಅಪರಾಧದಲ್ಲಿ ತಪ್ಪಿತಸ್ಥರಾದವರು, ಕೌಟುಂಬಿಕ ಹಿಂಸೆಯ ಅಪರಾಧಿಗಳು, ಕಾನೂನುಬಾಹಿರ ಮಾದಕವಸ್ತು ಬಳಸುವವರು ಈ ಪಟ್ಟಿಯಲ್ಲಿದ್ದಾರೆ.

ಭಾರತದಿಂದ ಹೋದವರಿಗೆ ಮುಖ್ಯವಾದ ಅಂಶವೆಂದರೆ, ವಲಸೆಯೇತರ ವೀಸಾದ ಮೇಲೆ ಪ್ರವೇಶಿಸಿದವರೂ 1998ರಿಂದ ಈ ಪಟ್ಟಿಗೆ ಸೇರಿದ್ದಾರೆ. ಎಫ್-1 ವೀಸಾದ ವಿದ್ಯಾರ್ಥಿಗಳು, ಎಚ್-1ಬಿ ವೀಸಾದ ಉದ್ಯೋಗಿಗಳು, ಪ್ರವಾಸಿಗಳು ಇದರಲ್ಲಿ ಬರುತ್ತಾರೆ. ಅಮೇರಿಕದ ಬೇಟೆ ಪರವಾನಗಿ ಹೊಂದಿದವರಿಗೆ ಮತ್ತು ಬೇಟೆ ಅಥವಾ ಕ್ರೀಡೆಯ ಉದ್ದೇಶಕ್ಕಾಗಿಯೇ ಪ್ರವೇಶಿಸಿದವರಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಪಡೆದ ಖಾಯಂ ನಿವಾಸಿಗಳಿಗೆ ಈ ನಿಷೇಧವಿಲ್ಲ. ಉಲ್ಲಂಘನೆಗೆ 2022ರ ತಿದ್ದುಪಡಿಯ ಬಳಿಕ ಗರಿಷ್ಠ 15 ವರ್ಷಗಳ ಸೆರೆವಾಸ ವಿಧಿಸಬಹುದು. ಬಂದೂಕಿನ ಅಪರಾಧವು ಗಡೀಪಾರಿಗೂ ಕಾರಣವಾಗಬಲ್ಲದು.

ವೀಸಾ ಸ್ಥಿತಿ ಬದಲಾದರೆ ಏನಾಗಬಹುದೆಂಬುದಕ್ಕೆ 2019ರ ರೆಹೈಫ್ ಪ್ರಕರಣ ನಿದರ್ಶನ. ವಿದ್ಯಾರ್ಥಿ ವೀಸಾದ ಮೇಲೆ ಫ್ಲಾರಿಡಾಕ್ಕೆ ಬಂದಿದ್ದ ವಿದೇಶೀಯನೊಬ್ಬನು ಕಡಿಮೆ ಅಂಕಗಳಿಂದಾಗಿ ವಿಶ್ವವಿದ್ಯಾಲಯದಿಂದ ಹೊರಹಾಕಲ್ಪಟ್ಟ ನಂತರವೂ ದೇಶದಲ್ಲಿ ಉಳಿದು, ಗುರಿ ಅಭ್ಯಾಸ ಕೇಂದ್ರದಲ್ಲಿ ಬಂದೂಕು ಹಾರಿಸಿದ್ದಕ್ಕಾಗಿ ಶಿಕ್ಷೆಗೊಳಗಾದನು. ತಾನು ನಿಷೇಧಿತ ವರ್ಗಕ್ಕೆ ಸೇರಿದವನೆಂಬುದು ಆರೋಪಿಗೆ ತಿಳಿದಿತ್ತೆಂದು ಸರ್ಕಾರ ಸಾಬೀತುಪಡಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ನಿಷೇಧವು ಹಾಗೆಯೇ ಉಳಿಯಿತು.

ಭಾರತದೊಂದಿಗೆ ಹೋಲಿಕೆ

ಭಾರತದಲ್ಲಿ ಬಂದೂಕು ಹೊಂದುವುದು ಸಾಂವಿಧಾನಿಕ ಹಕ್ಕಲ್ಲ. ಶಸ್ತ್ರಾಸ್ತ್ರ ಕಾಯಿದೆ (1959) ಇಡೀ ದೇಶಕ್ಕೆ ಅನ್ವಯಿಸುತ್ತದೆ. ಪರವಾನಗಿಯನ್ನು ಜಿಲ್ಲಾ ದಂಡಾಧಿಕಾರಿಗಳು, ಬೆಂಗಳೂರಿನಂತಹ ನಗರಗಳಲ್ಲಿ ಪೊಲೀಸ್ ಆಯುಕ್ತರು ನೀಡುತ್ತಾರೆ. ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು 2019ರ ತಿದ್ದುಪಡಿಯು 3ರಿಂದ 2ಕ್ಕೆ ಇಳಿಸಿತು. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2029ರವರೆಗೆ ಮುಂದುವರಿಸಿದ್ದು, ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಭಾರತದಲ್ಲಿ ಪರವಾನಗಿಯೇ ನಿಯಮ, ವಿನಾಯಿತಿ ಅಪವಾದ. ಅಮೇರಿಕದ ಬಹುಪಾಲು ರಾಜ್ಯಗಳಲ್ಲಿ ಹಕ್ಕೇ ನಿಯಮ, ನಿರ್ಬಂಧ ಅಪವಾದ.

ಚರ್ಚೆ ಮತ್ತು ಸಂಶೋಧನೆ

ಹೆಚ್ಚು ನಾಗರಿಕರು ಬಂದೂಕು ಒಯ್ದರೆ ಅಪರಾಧ ತಗ್ಗುತ್ತದೆಂಬ ವಾದವನ್ನು ಅರ್ಥಶಾಸ್ತ್ರಜ್ಞ ಜಾನ್ ಲಾಟ್ 1998ರ ತಮ್ಮ ಪುಸ್ತಕದಲ್ಲಿ ಮಂಡಿಸಿದರು. ಲಭ್ಯ ಪುರಾವೆಗಳಿಂದ ಇಂತಹ ಕಾನೂನುಗಳು ಅಪರಾಧವನ್ನು ಹೆಚ್ಚಿಸುತ್ತವೆಂದಾಗಲಿ ತಗ್ಗಿಸುತ್ತವೆಂದಾಗಲಿ ನಿರ್ಣಯಿಸಲಾಗದೆಂದು ರಾಷ್ಟ್ರೀಯ ಸಂಶೋಧನಾ ಮಂಡಳಿಯ 2004ರ ವರದಿ ಹೇಳಿತು. ಜಾನ್ ಡೊನೊಹ್ಯೂ ಮತ್ತು ಸಹಲೇಖಕರ 2019ರ ಅಧ್ಯಯನವು, ಇಂತಹ ಕಾನೂನು ಬಂದ 10 ವರ್ಷಗಳ ಬಳಿಕ ಹಿಂಸಾತ್ಮಕ ಅಪರಾಧವು, ಕಾನೂನು ಬಾರದಿದ್ದರೆ ಇರಬಹುದಾಗಿದ್ದ ಮಟ್ಟಕ್ಕಿಂತ ಶೇಕಡ 13ರಿಂದ 15ರಷ್ಟು ಹೆಚ್ಚಿರುತ್ತದೆಂದು ಅಂದಾಜಿಸಿತು.

ಏಕರೂಪದ ಮಾನ್ಯತೆಯನ್ನು ಬೆಂಬಲಿಸುವವರು, ಸಾಂವಿಧಾನಿಕ ಹಕ್ಕೊಂದು ರಾಜ್ಯದ ಗಡಿಯಲ್ಲಿ ಕೊನೆಗೊಳ್ಳಬಾರದೆನ್ನುತ್ತಾರೆ. ವಿರೋಧಿಸುವವರು, ದಟ್ಟ ಜನಸಂಖ್ಯೆಯ ನಗರಗಳಿರುವ ರಾಜ್ಯಗಳು ತರಬೇತಿಯನ್ನೇ ಕೇಳದ ರಾಜ್ಯಗಳ ಮಾನದಂಡವನ್ನು ಒಪ್ಪಿಕೊಳ್ಳಬೇಕಾಗುತ್ತದೆನ್ನುತ್ತಾರೆ. ಬ್ರೂಯೆನ್ ತೀರ್ಪಿನ ನಂತರ ಹೂಡಲಾದ ಅನೇಕ ದಾವೆಗಳಿಂದಾಗಿ ಈ ಕಾನೂನುಗಳು ಮೇಲಿಂದ ಮೇಲೆ ಬದಲಾಗುತ್ತಿವೆ. ಆದ್ದರಿಂದ ನಿರ್ದಿಷ್ಟ ಪ್ರಯಾಣದ ಸಂದರ್ಭದಲ್ಲಿ ಹೊರಡುವ, ಹಾದುಹೋಗುವ ಮತ್ತು ತಲುಪುವ ಪ್ರತಿಯೊಂದು ರಾಜ್ಯದ ಚಾಲ್ತಿಯಲ್ಲಿರುವ ಶಾಸನವೇ ಪ್ರಮಾಣವಾಗುತ್ತದೆ.